ಸೋಫಾದ ಮೇಲಿನ ಅಳಿಲು

ಬೈಲಪ್ಪನ ಕೋಪ ದೊಡ್ಡಬಳ್ಳಾಪುರದ ಮಗ್ಗದ ಬೀದಿಗೆಲ್ಲ ಗೊತ್ತು. ಗ್ರಾಫ್ ಹಾಳೆಯ ಮುಂದೆ ಕುಳಿತಾಗ ಯಾರಾದರೂ ಮಾತಾಡಿಸಿದರೆ ಸಾಕು, ಪೆನ್ಸಿಲ್ ಎಸೆದು ಎದ್ದು ಹೋಗುವ ಆಸಾಮಿ. ನಲವತ್ತು ವರ್ಷ ಅವನ ಕೆಲಸ ಒಂದೇ. ಸೀರೆಯ ಸೆರಗಿಗೆ ಬೇಕಾದ ಹೂವು, ಹಂಸ, ಮಾವಿನಕಾಯಿಗಳನ್ನು ಹಾಳೆಯ ಚೌಕಗಳಲ್ಲಿ ಬಿಡಿಸುವುದು, ಆಮೇಲೆ ಅದರ ಪ್ರಕಾರ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವುದು. ಆ ಕಾರ್ಡುಗಳನ್ನು ಮಗ್ಗಕ್ಕೆ ಏರಿಸಿದರೆ ಚಿತ್ರ ಬಟ್ಟೆಗೆ ಇಳಿಯುತ್ತಿತ್ತು. ಸೀರೆ ಬೆಂಗಳೂರಿಗೆ ಹೋಗುತ್ತಿತ್ತು, ಅದಕ್ಕೆ ಅಂಗಡಿಯವನ ಹೆಸರಿನ ಚೀಟಿ ಅಂಟುತ್ತಿತ್ತು. ಮಗ್ಗದ ಸಾಹುಕಾರನ ಹೆಸರನ್ನಾದರೂ ನಾಲ್ಕು ಜನ ಹೇಳುತ್ತಿದ್ದರು. ಚಿತ್ರ ಬರೆದವನು ಯಾರು ಅಂತ ಒಂದು ನರಪಿಳ್ಳೆಯೂ ಕೇಳಲಿಲ್ಲ. ಇದನ್ನು ನೆನೆದಾಗಲೆಲ್ಲ ಬೈಲಪ್ಪನಿಗೆ ಮೈ ಉರಿಯುತ್ತಿತ್ತು.

ಮಗಳು ಕೀರ್ತನ ದೇವನಹಳ್ಳಿಯಲ್ಲಿ ಮನೆ ಕಟ್ಟಿಸಿದಾಗ, ಹಾಲ್‌ಗೆ ಚಿತ್ರ ತಾನೇ ನೇಯ್ದು ಕೊಡುತ್ತೇನೆಂದ. ಮಗ್ಗದ ಸಾಹುಕಾರ ಆದಿನಾರಾಯಣಪ್ಪನ ಕಾರ್ಖಾನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕೈಮಗ್ಗವನ್ನು ಕೇಳಿ ಪಡೆದು ಮೂರು ತಿಂಗಳು ಕೂತ. ಹುಣಸೆ ಕೊಂಬೆ, ಅದರ ಮೇಲೆ ಬಾಲ ಎತ್ತಿ ಕುಳಿತ ಅಳಿಲು. ಒಂದು ಮೊಳ ಅಗಲ, ಒಂದು ಮೊಳ ಎತ್ತರ. ಕಣ್ಣಿಗೆ ಹತ್ತಿರ ಹಿಡಿದರೆ ಅಳಿಲಿನ ಮೀಸೆ ಎಣಿಸಬಹುದು. ಕೆಳಗಿನ ಅಂಚಿನಲ್ಲಿ, ಬೆರಳಗಲದ ಜಾಗದಲ್ಲಿ, ಜರಿಯಲ್ಲಿ ಅವನ ಹೆಸರು. ಜೀವಮಾನದಲ್ಲಿ ಮೊದಲ ಸಲ ತನ್ನ ಹೆಸರನ್ನು ತಾನು ನೇಯ್ದಿದ್ದ.

ಅಳಿಯ ಅಂಬರೀಶ್ ಕೆಟ್ಟವನಲ್ಲ, ಆದರೆ ಟೇಪು ಹಿಡಿದು ಹುಟ್ಟಿದವನು. ಸರಕು ಸಾಗಿಸುವ ಕಂಪನಿಯಲ್ಲಿ ದಿನವಿಡೀ ಪೆಟ್ಟಿಗೆ ಅಳೆಯುವ ಕೆಲಸ. ಬಟ್ಟೆಯನ್ನು ಹಾಲ್‌ನ ಗೋಡೆಗೆ ಹಿಡಿದು ನೋಡಿ ಮುಖ ಸಣ್ಣ ಮಾಡಿದ.

“ಚೆನ್ನಾಗೈತೆ ಮಾವ. ಆದ್ರೆ ಸೋಫಾನೇ ಏಳೂವರೆ ಅಡಿ. ಅದ್ರಲ್ಲಿ ಮೂರಕ್ಕೆರಡು ಪಾಲಾದ್ರೂ ಇರ್ಬೇಕಂತೆ ಚಿತ್ರ, ಅಂದ್ರೆ ಐದಡಿ. ಇದು ಸ್ಟಾಂಪ್ ಅಂಟಿಸ್ದಂಗೆ ಕಾಣ್ತದೆ. ಸ್ವಲ್ಪ ದೊಡ್ಡದು ಮಾಡಕ್ಕಾಗಲ್ವಾ?”

“ಇದೇನು ದೋಸೆನಾ, ಇನ್ನೊಂದು ಸೌಟು ಹಿಟ್ಟು ಹುಯ್ಯಕ್ಕೆ? ಮಗ್ಗದಲ್ಲಿ ಎಳೆ ಎಷ್ಟೋ ಚಿತ್ರ ಅಷ್ಟೇ!”

ಅಳಿಯ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. ಮಾತು ಅಲ್ಲಿಗೆ ಮುಗಿಯಿತೆಂದು ಬೈಲಪ್ಪ ಬಟ್ಟೆಯನ್ನು ಮಗಳ ಕೈಗೆ ಕೊಟ್ಟು ಬಸ್ಸು ಹತ್ತಿದ.

ಗೃಹಪ್ರವೇಶದ ದಿನ ಹೆಂಡತಿ ಪಿಳ್ಳಮ್ಮನ ಜೊತೆ ಬೆಳಗ್ಗೆಯೇ ಬಂದರೆ, ಸೋಫಾದ ಮೇಲೆ ಐದಡಿ ಅಗಲದ ಅಳಿಲು! ಅಂಬರೀಶ್ ಬಟ್ಟೆಯ ಫೋಟೊ ತೆಗೆಸಿ, ಕ್ಯಾನ್ವಾಸಿನ ಮೇಲೆ ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿದ್ದ. ನವುರಾದ ಎಳೆಗಳೆಲ್ಲ ಹಗ್ಗವಾಗಿದ್ದವು. ಅಳಿಲು ನಾಯಿಮರಿಯಷ್ಟಾಗಿತ್ತು. ಬಂದವರು ಸೂಪರ್ ಸೂಪರ್ ಅನ್ನುತ್ತ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಬೈಲಪ್ಪನ ಕಣ್ಣು ನೇರವಾಗಿ ಕೆಳಗಿನ ಅಂಚಿಗೆ ಹೋಯಿತು. ಅಂಚೇ ಇರಲಿಲ್ಲ.

“ನನ್ ಹೆಸ್ರೆಲ್ಲಿ?”

“ನಿಮ್ದು ಚೌಕ ಇತ್ತಲ್ಲ ಮಾವ, ಗೋಡೆಗೆ ಬೇಕಾಗಿದ್ದು ಐದಡಿಗೆ ಮೂರಡಿ. ಮೇಲೊಂಚೂರು ಕೆಳಗೊಂಚೂರು ತೆಗೀಬೇಕಾಯ್ತು. ಅಳಿಲು ಪೂರ್ತಿ ಬಂದೈತಲ್ಲ.”

ಅಷ್ಟೇ. ಬೈಲಪ್ಪನಿಗೆ ನಖಶಿಖಾಂತ ಉರಿದುಹೋಯಿತು.

“ಸೋಫಾ ಉದ್ದ ಆಯ್ತು ಅಂತ ಮಾವನ ಹೆಸ್ರು ಕುಯ್ದುಬಿಟ್ರಾ ಅಳಿಯಂದ್ರೇ? ನಲವತ್ತು ವರ್ಷ ಅಂಗಡಿಯೋರು ತಿಂದ್ರು, ಈಗ ಮನೆಯೋರೂ ತಿಂದ್ರಿ! ಚಿತ್ರದ ಅಳತೆ ಸೋಫಾ ನೋಡಿ ಇಡಲ್ಲ, ನೋಡೋನು ಎಷ್ಟು ದೂರ ನಿಂತವ್ನೆ ಅಂತ ನೋಡಿ ಇಡ್ತಾರೆ. ಇದು ಮಾರುದೂರದಿಂದ ನೋಡೋ ಬಟ್ಟೆ ಅಲ್ಲ. ಎಲ್ಲೈತಮ್ಮ ಕೀರ್ತನ, ನಾ ನೇಯ್ದ ಬಟ್ಟೆ? ತಗೊಂಬಾ!”

ನೆಂಟರ ಮುಂದೆ ಕೀರ್ತನ ನಾಚಿಕೆಯಿಂದ ತಲೆ ತಗ್ಗಿಸಿದಳು. ಬೀರುವಿನಿಂದ ಬಟ್ಟೆ ತಂದು ಕೊಟ್ಟಳು. ಬೈಲಪ್ಪ ಸುತ್ತಿಗೆ, ಮೊಳೆ ಕೇಳಿದ. ಊಟದ ಕೋಣೆಗೂ ಕೈತೊಳೆಯುವ ಬೇಸಿನ್‌ಗೂ ನಡುವೆ ಒಬ್ಬರು ಮಾತ್ರ ಹಿಡಿಸುವಷ್ಟು ಕಿರಿದಾದ ಓಣಿಯಿತ್ತು. ಅಲ್ಲಿ ಗೋಡೆಯಿಂದ ಒಂದು ಮೊಳಕ್ಕಿಂತ ದೂರ ನಿಲ್ಲಬೇಕೆಂದರೂ ಆಗದು. ಹೊಸ ಬಣ್ಣ ಉದುರಿದರೆ ಉದುರಲಿ ಎಂದು ಕಣ್ಣಿನ ಎತ್ತರಕ್ಕೆ ಮೊಳೆ ಹೊಡೆದ. ಒಂದೊಂದು ಏಟಿಗೂ ಅಂಬರೀಶ್‌ನ ಮುಖ ಹುಳ್ಳಗಾಗುತ್ತಿತ್ತು. ಅದನ್ನು ನೋಡಿ ಬೈಲಪ್ಪ ಬೇಕೆಂದೇ ಇನ್ನೆರಡು ಏಟು ಹಾಕಿದ.

ಊಟದ ಪಂಕ್ತಿ ಎದ್ದಿತು. ಕೈ ತೊಳೆಯಲು ಬಂದವರು ಅಲ್ಲೇ ತಡೆದು ನಿಂತರು, ಮೂಗು ತಾಗಿಸುವಷ್ಟು ಬಗ್ಗಿ ಮೀಸೆ ನೋಡಿದರು, ಎಳೆ ನೋಡಿದರು, ಹೆಸರು ಓದಿದರು. “ಬೈಲಪ್ಪ ಅಂದ್ರೆ ಯಾರು?” ಅಂತ ಒಬ್ಬ ಹೆಂಗಸು ಕೇಳಿದಳು. “ನಾನೇ ಕಣಮ್ಮ” ಅಂದ. ಇನ್ನೂ ಸಿಟ್ಟಿನ ದನಿಯಲ್ಲೇ ಅಂದ, ಆದರೆ ಆ ಜಾಗ ಬಿಟ್ಟು ಕದಲಲಿಲ್ಲ.

ಕೊನೆಯ ಪಂಕ್ತಿಯಲ್ಲಿ ಉಂಡ ಪಿಳ್ಳಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು.

“ಓದೇ, ಏನ್ ಬರ್ದೈತೆ ನೋಡು” ಅಂದ ಬೈಲಪ್ಪ.

ಗಂಡನ ಹೆಸರನ್ನು ಬಾಯಲ್ಲಿ ಹೇಳುವವಳಲ್ಲ ಅವಳು. ಜರಿಯ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಹೆಸರು ಮುಗಿಯಿತು. ಬೆರಳು ನಿಲ್ಲಲಿಲ್ಲ, ಅಂಚಿನ ತುದಿಯವರೆಗೂ ಹೋಯಿತು.

“ಏನ್ ಹುಡುಕ್ತಿದ್ದೀಯ?”

“ನಿಮ್ಮದಾಯ್ತಲ್ಲ. ನಂದೆಲ್ಲಿ ಅಂತ.”

“ನಿಂದಾ?”

“ಮೂರು ತಿಂಗ್ಳು ನಿಮ್ ಲಾಳಿಗೆ ನೂಲು ಸುತ್ತಿಕೊಟ್ಟೋಳು ಯಾರು? ಜರಿ ತುಂಡಾದಾಗ್ಲೆಲ್ಲ ಬೈಸ್ಕೊಂಡು ಗಂಟು ಹಾಕ್ದೋಳು ಯಾರು? ಇದೊಂದೇ ಅಲ್ಲ, ನಲವತ್ತು ವರ್ಷ ನಿಮ್ ರಟ್ಟಿನ ಕಾರ್ಡುಗಳ್ನ ದಾರದಲ್ಲಿ ಹೊಲ್ದುಕೊಟ್ಟೋಳೂ ನಾನೇ.” ಅವಳ ದನಿ ಏರಲಿಲ್ಲ, ಕಣ್ಣು ಮಾತ್ರ ಕೆಂಪಾಗಿತ್ತು. “ಅಳಿಯಂದ್ರಿಗಾದ್ರೆ ಗೋಡೆ ಅಳತೆ ಅಡ್ಡ ಬಂತು. ನಿಮಗೇನು ಅಡ್ಡ ಬಂತು?”

ಬೈಲಪ್ಪ ಸುತ್ತ ನೋಡಿದ. ಬಯ್ಯಲು ಯಾರೂ ಸಿಗಲಿಲ್ಲ. ಪಿಳ್ಳಮ್ಮನ ಬೆರಳು ಇನ್ನೂ ಅಂಚಿನ ಮೇಲೆಯೇ ಇತ್ತು. ಅಲ್ಲಿ ಇನ್ನೊಂದು ಹೆಸರಿಗೆ ಬೇಕಾದಷ್ಟು ಜಾಗವಿತ್ತು.