ಮಗ್ಗ ನಿಂತಿದೆ ಎಂದ ಫೋನು

ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ ಎಂಬುದೇ ವಾಣಿಶ್ರೀ ಮೇಲಿದ್ದ ದೊಡ್ಡ ದೂರು. ಮೊಳಕಾಲ್ಮೂರಿನ ನೂಲಿನಂಗಡಿ ಹಾಲೇಶಪ್ಪನವರ ಮಗಳು, ಚಳ್ಳಕೆರೆಯ ಸೊಸೆ, ಎರಡು ವರ್ಷದ ಹೆಣ್ಣುಮಗುವಿನ ತಾಯಿ. ಗೊಬ್ಬರದಂಗಡಿಯ ಮಹಡಿ ಮೇಲೆ ಎಂಟು ಕುರ್ಚಿಯ ಸಾಫ್ಟ್‌ವೇರ್ ಆಫೀಸು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅಲ್ಲಿ ಅವಳ ಕೆಲಸ. ಬೆಳಿಗ್ಗೆ ಮಗುವಿಗೆ ರಾಗಿ ಸರಿ ತಿನ್ನಿಸಿ, ಅತ್ತೆ ಸುಲೋಚನಮ್ಮನವರ ಮಡಿಲಿಗೆ ಹಾಕಿ, ಭುಜಕ್ಕೆ ಅಂಟಿದ ಸರಿ ಒರೆಸಿಕೊಳ್ಳುತ್ತಲೇ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದಳು. ಅವಳನ್ನು ಆರು ತಿಂಗಳ ಮಟ್ಟಿಗೆ ನೋಡೋಣ ಎಂದು ತೆಗೆದುಕೊಂಡಿದ್ದರು. ಇನ್ನೊಂದು ತಿಂಗಳಿತ್ತು. ಆಮೇಲೆ ಕೆಲಸ ಉಳಿಯುವುದೂ ಹೋಗುವುದೂ ಮ್ಯಾನೇಜರ್ ಸಂಗಮೇಶನ ಕೈಯಲ್ಲಿ.

ಐಟಿಯವರಿಗೆ ಇರಬೇಕಾದ ಗುಣಗಳ ಪಟ್ಟಿಯೊಂದು ಸಂಗಮೇಶನ ಬಳಿ ಇತ್ತು. ಆತ್ಮವಿಶ್ವಾಸ, ನಾಯಕತ್ವ, ಸಂವಹನ, ಒಂದೊಂದಕ್ಕೂ ಹತ್ತು ಅಂಕ. ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವುದು ಎಂಬ ಗುಣವೂ ಅದರಲ್ಲಿತ್ತು. ಅದನ್ನು ಅವನು ಅರ್ಧ ಗಂಟೆ, ಯಾರಿಗೂ ಒಂದು ಮಾತಾಡಲು ಬಿಡದೆ ವಿವರಿಸಿದ್ದ.

ಆಗ ಮೊಳಕಾಲ್ಮೂರಿನ ನೇಕಾರರ ಸಂಘವೊಂದಕ್ಕೆ ಆಪ್ ತಯಾರಾಗುತ್ತಿತ್ತು. ಸೀರೆ ಮುಗಿದ ಕೂಡಲೇ ನೇಕಾರ ಅದನ್ನು ಹರಡಿ ಫೋಟೊ ಹಾಕಬೇಕು. ಹತ್ತು ದಿನ ಫೋಟೊ ಬರದಿದ್ದರೆ ‘ಮಗ್ಗ ನಿಂತಿದೆ’ ಎಂದು ಕೆಂಪಕ್ಷರ ಮೂಡುತ್ತದೆ, ಸಂಘದಿಂದ ಮುಂದಿನ ರೇಷ್ಮೆ ಸಿಗುವುದಿಲ್ಲ.

ಅದರ ಮೀಟಿಂಗಿನ ದಿನ ವಾಣಿಶ್ರೀ ಬಾಯಿ ಬಿಟ್ಟಳು. “ಸರ್, ಮಗ್ಗಕ್ಕೆ ಒಂದ್ಸಲ ಉದ್ದದ ನೂಲಿನ ಹಾಸು ಏರಿಸಿದ್ರೆ ಅದ್ರಾಗೆ ಮೂರು ಸೀರೆ ನೇಯ್ತಾರೆ. ಮೂರೂ ಮುಗಿಯೋತನಕ ಕತ್ತರಿ ಹಾಕಲ್ಲ. ಮೊದಲನೇದು ಒಳಗೆ ಸುತ್ಕಂಡಿರ್ತೈತೆ, ಹರಡೋಕೆ ಬರಲ್ಲ.”

“ನೆಗೆಟಿವ್ ಆಗಿ ಯೋಚಿಸ್ಬೇಡಿ ವಾಣಿಶ್ರೀ. ಬದಲಾಗ್ಬೇಕಾದೋರು ಅವ್ರು, ನಮ್ಮ ಪ್ರೋಗ್ರಾಂ ಅಲ್ಲ,” ಎಂದ ಸಂಗಮೇಶ ಅವಳ ಸಂವಹನಕ್ಕೆ ನಾಲ್ಕು ಅಂಕ ಬರೆದುಕೊಂಡ.

ಆಪ್ ಊರಿಗೆ ಹೋಯಿತು. ಹನ್ನೊಂದನೆಯ ದಿನ ಸಂಘದ ಇಪ್ಪತ್ತೆರಡು ಮಗ್ಗಗಳೂ ಕೆಂಪಾದವು. “ಸೋಮಾರಿ ಜನ” ಎಂದು ಸಂಗಮೇಶ, ವಾಣಿಶ್ರೀಯನ್ನೂ ಕಾರಿಗೆ ಹತ್ತಿಸಿಕೊಂಡು ಮೊಳಕಾಲ್ಮೂರಿಗೆ ಹೊರಟ.

ಮೊದಲು ಸಿಕ್ಕಿದ್ದು ನೇಕಾರ ದಾಸಣ್ಣನ ಮನೆ. ಒಳಗೆ ಮಗ್ಗ ಲಟಪಟ ಎನ್ನುತ್ತಿತ್ತು. ಸಂಗಮೇಶ ಫೋನಿನಿಂದ ಕಣ್ಣೆತ್ತದೆ ಕೇಳಿದ: “ಮಗ್ಗ ಯಾಕೆ ನಿಲ್ಲಿಸಿದ್ದೀರಿ?”

ದಾಸಣ್ಣ ಲಾಳಿ ಬಿಡಲಿಲ್ಲ. “ನಿಂತೈತಾ ಸಾಮಿ? ಹಂಗಾದ್ರೆ ನನ್ ಕಾಲಿಗೊಂದ್ ಮಾತು ಹೇಳ್ರಿ. ಬೆಳಿಗ್ಗೆಯಿಂದ ಸುಮ್ಸುಮ್ನೆ ತುಳಿತಾವೆ.”

“ಫೋಟೊ ಇಲ್ದಿದ್ರೆ ಸಿಸ್ಟಂ ಒಪ್ಪಲ್ಲ. ರೇಷ್ಮೆ ಬರಲ್ಲ.”

ದಾಸಣ್ಣನ ಮುಖ ಇಳಿಯಿತು. ಗೂಡಿನಿಂದ ಕತ್ತರಿ ತೆಗೆದ. ಮುಗಿದ ಸೀರೆ ಹರಡಬೇಕಾದರೆ, ಅದರ ಮೇಲೆ ಅರ್ಧ ನೇಯ್ದಿದ್ದ ಎರಡನೆಯದನ್ನು ಕತ್ತರಿಸಲೇಬೇಕು.

“ನಿನ್ ಕೈ ಸೇದೋಗ!” ಎಂದು ಹೆಂಡತಿ ಮುದ್ದಕ್ಕ ಅಡಿಗೆಮನೆಯಿಂದ ಓಡಿ ಬಂದಳು. ಅಷ್ಟರಲ್ಲಿ ವಾಣಿಶ್ರೀ ಅವನ ಮಣಿಕಟ್ಟು ಹಿಡಿದಿದ್ದಳು, ಬಿಸಿ ಹಾಲಿಗೆ ಕೈ ಚಾಚುವ ಮಗಳನ್ನು ಹಿಡಿಯುವ ಹಾಗೆ.

“ಕೆಳಗಿಡಣ್ಣ.”

“ರೇಷ್ಮೆ ಇಲ್ದಿದ್ರೆ ಏನ್ ನೇಯ್ಲಮ್ಮ?”

“ರೇಷ್ಮೆ ಬರ್ತೈತೆ. ಸರ್, ನೀವು ಆ ಮಣೆ ಮೇಲೆ ಕೂತ್ಕಳ್ರಿ. ಅಣ್ಣ, ದಿನಕ್ಕೆ ಎಷ್ಟು ಮೊಳ ಆಗ್ತೈತೆ?”

ದಾಸಣ್ಣ ಹೇಳಿದ, ಅವಳು ಬರೆದುಕೊಂಡಳು. ಮುದ್ದಕ್ಕ ನಡುನಡುವೆ ತಿದ್ದಿದಳು. ವಾಣಿಶ್ರೀ ಅಲ್ಲಿಂದಲೇ ಆಫೀಸಿಗೆ ಫೋನು ಮಾಡಿ, ಹರಡಿದ ಸೀರೆಯ ಫೋಟೊ ಬೇಡ, ಹಾಸಿನಲ್ಲಿ ಎಷ್ಟನೆಯ ಸೀರೆ, ಇವತ್ತು ಎಷ್ಟು ಮೊಳ, ಇಷ್ಟನ್ನು ಕೇಳಿದರೆ ಸಾಕು ಎಂದು ಬಿಡಿಸಿ ಹೇಳಿದಳು. ಸಂಗಮೇಶ ಮಣೆಯ ಮೇಲೆ ಮೊಣಕಾಲು ಮಡಚಿ ಕೂತು, ಮುದ್ದಕ್ಕ ಕೊಟ್ಟ ಮಂಡಕ್ಕಿ ತಿಂದ. ಆಫೀಸಿನವರು ಆಪ್ ತಿದ್ದಿದರು, ಸಂಜೆಯೊಳಗೆ ಕೆಂಪೆಲ್ಲ ಹೋಯಿತು.

ಮರುದಿನ ಸಂಘದವರಿಗೆ ಅವನು ಪತ್ರ ಬರೆದ: ನಾನು ಖುದ್ದಾಗಿ ಸ್ಥಳಕ್ಕೆ ಬಂದು ಕಂಡುಕೊಂಡ ಉಪಾಯ.

ತಿಂಗಳು ತುಂಬಿದಾಗ ವಾಣಿಶ್ರೀಯನ್ನು ಕರೆದ. “ನಿಮ್ಮ ಕೆಲಸ ಖಾಯಂ. ಇನ್ಮೇಲೆ ಮೊಳಕಾಲ್ಮೂರಿಗೆ ನೀವೇ ಹೋಗಿ. ಆ ಜನ ನನಗೆ ಅರ್ಥ ಆಗಲ್ಲ.”

“ಹೋಗ್ತೀನಿ ಸರ್. ಪ್ರೋಗ್ರಾಂ ಬರೆಯೋಕೆ ಮುಂಚೆ ಹೋಗ್ತೀನಿ, ಕೆಟ್ಟ ಮೇಲಲ್ಲ. ಕೆಲಸ ಖಾಯಂ ಅನ್ನೋದು, ಮುಂಚೆ ಹೋಗೋದು, ಎರಡನ್ನೂ ಕಾಗದದಾಗೆ ಬರ್ಕೊಡ್ರಿ.”

ಸಂಗಮೇಶ ಬರೆದುಕೊಟ್ಟ. ಅವಳು ನಿಂತೇ ಓದಿದಳು. ತಾರೀಖು ತಪ್ಪಿತ್ತು. ತಿದ್ದಿಸಿ, ಸಹಿ ಹಾಕಿಸಿಕೊಂಡು, ಮಡಚಿ ಚೀಲಕ್ಕೆ ಇಟ್ಟುಕೊಂಡಳು.