ಕ್ಲಬ್ಬಿನ ಇತಿಹಾಸ ಬಲ್ಲವರು

ಪುಣೆಯ ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿ ರಾಮಲಿಂಗಪ್ಪನವರಿಗೆ ಸ್ವಂತ ಮುತ್ತಜ್ಜನ ಹೆಸರು ಮರೆತೀತು, ತಮ್ಮ ಅಂತರರಾಷ್ಟ್ರೀಯ ಸೇವಾ ಕ್ಲಬ್ಬಿನ ಇತಿಹಾಸ ಮಾತ್ರ ಮರೆಯದು. ಮದುವೆಯ ಪಂಕ್ತಿಯಾಗಲಿ, ಮಸಣದ ದಾರಿಯಾಗಲಿ, ಕೋಟಿಗೆ ಸಿಕ್ಕಿಸಿದ ಕ್ಲಬ್ಬಿನ ಬಿಲ್ಲೆ ಮುಟ್ಟಿಕೊಂಡು, “ಕೇಳ್ರಿಲ್ಲೆ, ಪರದೇಶದಾಗ ಆರು ಮಂದಿ ಗೆಳೆಯಾರು ಸುರು ಮಾಡಿದ್ದು ಇವತ್ತ ಜಗತ್ತೆಲ್ಲಾ ಹಬ್ಬೇದ” ಎಂದು ಸಿಕ್ಕವರನ್ನು ಹಿಡಿದು ನಿಲ್ಲಿಸುತ್ತಾರೆ. ಯುದ್ಧಕಾಲದಲ್ಲಿ ಕ್ಲಬ್ಬು ಹಂಚಿದ ಗಂಜಿಯನ್ನೂ ಬಿಡುವುದಿಲ್ಲ, ಭೂಕಂಪವಾದಾಗ ಹಾಕಿಸಿದ ಡೇರೆಗಳನ್ನೂ ಬಿಡುವುದಿಲ್ಲ; ಹೆಂಗಸರಿಗೂ ಸದಸ್ಯತ್ವ ಕೊಟ್ಟ ಠರಾವಿಗೆ ಬಂದಾಗಲಂತೂ ಕೇಳುವವರಿಂದ ಚಪ್ಪಾಳೆ ತಟ್ಟಿಸಿಯೇ ಬಿಡುತ್ತಾರೆ. ಅವರ ಹೆಂಡತಿ ಪಾರವ್ವ ಕ್ಲಬ್ಬಿನ ಪ್ರತಿ ಕಣ್ಣಿನ ಶಿಬಿರದಲ್ಲೂ ಉಪ್ಪಿಟ್ಟು ತಿರುವಿದವಳು, ಕಣ್ಣಿಗೆ ಪಟ್ಟಿ ಕಟ್ಟಿದ ಮುದುಕಿಯರನ್ನು ಕೈಹಿಡಿದು ಬಚ್ಚಲಿಗೆ ನಡೆಸಿದವಳು. ಮೊನ್ನೆ ಕ್ಲಬ್ಬಿನ ಪುಣೆ ಕ್ಯಾಂಪ್ ಶಾಖೆಯ ಸುವರ್ಣ ಮಹೋತ್ಸವದಲ್ಲಿ ಹೊಸ ಅಧ್ಯಕ್ಷೆ ಶೈಲಶ್ರೀ ಪಾರವ್ವನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, “ಕಾಕೂ, ನೀವು ಯಾವಾಗ ಮೆಂಬರ್ ಆದ್ರಿ?” ಎಂದು ಕೇಳಿದಳು. ಇಷ್ಟು ವರ್ಷ ನುಂಗಿಕೊಂಡ ಮಾತು ಪಾರವ್ವನ ಬಾಯಿಗೆ ತಾನಾಗಿಯೇ ಬಂತು: “ನಾ ಮೆಂಬರ್ ಅಲ್ಲವ್ವಾ. ಹೆಂಗಸರ್ನ ತಗೋತಾರ ಅಂದಾಗ ಇವರನ್ನ ಕೇಳಿದ್ದೆ. ಉಪ್ಪಿಟ್ಟು ಮಾಡಾಕ ಮೆಂಬರ್ ಯಾಕ ಆಗಬೇಕು ಅಂದ್ರು.” “ಆಕಿ ಚ್ಯಾಷ್ಟಿ ಮಾಡ್ತಾಳ್ರಿ!” ಎಂದು ರಾಮಲಿಂಗಪ್ಪ ಕೂತಲ್ಲಿಂದಲೇ ನಕ್ಕರು. ಸಭೆಯೂ ನಕ್ಕಿತು. ಪಾರವ್ವ ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಊಟಕ್ಕೂ ನಿಲ್ಲದೆ, ಒಬ್ಬಳೇ ರಿಕ್ಷಾ ಹಿಡಿದು ಧನಕವಡಿಯ ಮನೆಗೆ ಹೋದಳು.