ಮುಷ್ಟಿ ದೇವೇಂದ್ರಪ್ಪನ ಕೆಂಪು ಗೆರೆಗಳು

ಹೆಸರು ದೇವೇಂದ್ರಪ್ಪ. ಐರಾವತ ಇರಲಿಲ್ಲ, ವಜ್ರಾಯುಧವೂ ಇರಲಿಲ್ಲ. ಇದ್ದದ್ದು ಒಂದು ಜೊತೆ ಕೆರ, ಹೆಗಲಿಗೊಂದು ಜೋಳಿಗೆ, ಎಂಥ ಜುಗ್ಗನ ಎದುರಿಗೂ ಒಣಗದ ನಾಲಿಗೆ. ಕೊಪ್ಪಳದ ಸುತ್ತ ಯಾವ ಊರಲ್ಲಿ ಗುಡಿಗೆ ಬಾಗಿಲಿಲ್ಲವೋ, ಬಾವಿಗೆ ಕಟ್ಟೆಯಿಲ್ಲವೋ, ಸಾಲೆಗೆ ಚಾವಣಿಯಿಲ್ಲವೋ ಆ ಊರಿನ ಹಿರಿಯರು ಅವನಿಗೆ ಹೇಳಿ ಕಳಿಸುತ್ತಿದ್ದರು. ಅವನು ಹೋಗಿ ಮನೆಮನೆ ತಿರುಗಿ ಪಟ್ಟಿ, ಅಂದರೆ ವಂತಿಗೆ, ಎತ್ತಿ ಕೊಡುತ್ತಿದ್ದ. ಎತ್ತಿದ್ದರಲ್ಲಿ ಹತ್ತಕ್ಕೊಂದು ಪಾಲು ಅವನದು. ಪುಣ್ಯದ ಕೆಲಸದಲ್ಲಿ ಪಾಲು ತಿನ್ನುವವನು ಎಂದು ಆಡಿಕೊಳ್ಳುವವರಿಗೆ ಅವನ ಉತ್ತರ ಸಿದ್ಧವಿರುತ್ತಿತ್ತು.

"ಪೂಜಾರಿ ಅರ್ಧಾ ಕಾಯಿ ಒಯ್ತಾನ, ಅವಗ ಯಾರೂ ಏನೂ ಅನ್ನಂಗಿಲ್ಲ. ನಾ ಬಾಗಲಾ ಹಚ್ಚಿಸಿಕೊಡದಿದ್ರ ನಿಮ್ಮ ದೇವರು ಇಷ್ಟೊತ್ತಿಗೆ ನಾಯಿ ಕೂಡ ಮಲಗತಿದ್ದ!"

ಬೇಡುವುದು ಬೇರೆ, ಪಟ್ಟಿ ಎತ್ತುವುದು ಬೇರೆ. ಬೇಡುವವನು ಬಾಗಿಲಲ್ಲಿ ನಿಲ್ಲುತ್ತಾನೆ, ಪಟ್ಟಿ ಎತ್ತುವವನು ಕಟ್ಟೆಯ ಮೇಲೆ ಕೂಡುತ್ತಾನೆ. ದೇವೇಂದ್ರಪ್ಪ ಕೂತವನೇ ಎಮ್ಮೆ ಈಯಿತೇ ಎಂದು ಕೇಳುವನು, ಮಗಳ ಬಾಣಂತನ ಕೇಳುವನು, ಯಜಮಾನನ ಸೊಂಟನೋವಿಗೆ ಔಷಧ ಹೇಳುವನು. ಬಂದ ಕಾರಣ ಮಾತ್ರ ಹೇಳುತ್ತಿರಲಿಲ್ಲ. ಕೊನೆಗೆ ಮನೆಯವರೇ ತಾಳಲಾರದೆ "ಮತ್ತ, ಏನ್ ಬಂದಿದ್ರಿ?" ಎನ್ನಬೇಕು. ಕೇಳಿದವನು ಕೆಟ್ಟ. ವಂತಿಗೆ ಕೊಡುವವರಲ್ಲಿ ಹಣವಂತರಿಗಿಂತ ಗುಣವಂತರು ಹೆಚ್ಚು ಎಂಬುದನ್ನು ಅವನು ಬೇಗ ಕಲಿತಿದ್ದ. ಗುಣವಂತರ ಹತ್ತಿರ ಹಣ ಇರುವುದಿಲ್ಲ ಎಂಬುದನ್ನು ಅದಕ್ಕಿಂತ ಬೇಗ.

ಮೂವತ್ತಾರನೆಯ ಇಸವಿಯ ಸುಮಾರಿಗೆ ಕೊಪ್ಪಳದ ಗವಿಸಿದ್ದಪ್ಪ ಸಾಹುಕಾರರು ಹಳೆಯ ಹತ್ತಿಯ ಗೋದಾಮೊಂದನ್ನು ಖಾಲಿ ಮಾಡಿಸಿ, ಹಳ್ಳಿಯಿಂದ ಓದಲು ಬರುವ ಬಡ ಹುಡುಗರಿಗೆ ಊಟ ವಸತಿಯ ಬೋರ್ಡಿಂಗ್ ತೆರೆದರು. ಗೋಡೆ ಸಾಹುಕಾರರದು, ಹೆಸರು ಸಾಹುಕಾರರದು. ಊಟ ಮಾತ್ರ ಊರವರದು. ಅದನ್ನು ತರುವವನು ದೇವೇಂದ್ರಪ್ಪ. ಅವನ ಹೆಂಡತಿ ಶೇಖರಮ್ಮ ಅಲ್ಲಿಯೇ ರೊಟ್ಟಿ ಬಡಿಯುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಇಬ್ಬರ ಸಂಸಾರ. ಹತ್ತಕ್ಕೊಂದು ಪಾಲನ್ನು ಅವನು ಬಿಟ್ಟುಬಿಟ್ಟ. ಹುಡುಗರ ಪಂಕ್ತಿಯ ಕೊನೆಗೆ ತಮ್ಮಿಬ್ಬರ ತಾಟು ಇದ್ದರೆ ಸಾಕೆಂದ. ಅದುವರೆಗೆ ಬಾಗಿಲಿಗೆ, ಬಾವಿಗೆ ಪಟ್ಟಿ ಎತ್ತಿದ್ದವನಿಗೆ ತಾನು ತಂದದ್ದು ಕಣ್ಣೆದುರೇ ಹೊಟ್ಟೆಗೆ ಹೋಗುವುದನ್ನು ನೋಡುವ ಚಟ ಹತ್ತಿತು. ಆ ಒಲೆ ಒಂದು ಹೊತ್ತೂ ಆರಬಾರದು ಎಂಬುದೇ ಅವನ ವ್ರತವಾಯಿತು.

ದುಡ್ಡು ಕೇಳಿದರೆ ಜನ ಮುಷ್ಟಿ ಬಿಗಿಯುತ್ತಾರೆ, ಜೋಳ ಕೇಳಿದರೆ ಬಿಚ್ಚುತ್ತಾರೆ. ಆದ್ದರಿಂದ ಅವನು ಮನೆಮನೆಗೆ ಒಂದು ಮಣ್ಣಿನ ಗಡಿಗೆ ಇಟ್ಟು ಬಂದ. ಹೆಂಗಸರು ಬೆಳಗಿನಲ್ಲಿ ಬೀಸಲು ಕೂತಾಗ, ಕಲ್ಲಿಗೆ ಜೋಳ ಹಾಕುವ ಮೊದಲು ಒಂದು ಮುಷ್ಟಿ ಆ ಗಡಿಗೆಗೆ ಹಾಕಬೇಕು. ವಾರಕ್ಕೊಮ್ಮೆ ಗೆಳೆಯ ಮಲಿಕಸಾಬನ ಎತ್ತಿನ ಗಾಡಿಯಲ್ಲಿ ಹೋಗಿ ಸುರಿದುಕೊಂಡು ಬರುವುದು. ಮುಷ್ಟಿಯುದ್ಧವಿಲ್ಲದೆ ಮುಷ್ಟಿ ಗೆದ್ದದ್ದಕ್ಕೆ ಅವನು ಮುಷ್ಟಿ ದೇವೇಂದ್ರಪ್ಪನಾದ.

ಆದರೆ ಊರು ಹಲವು, ಮನೆ ನೂರಾರು. ಉಳ್ಳವನಿಗೂ ಇಲ್ಲದವನಿಗೂ ಒಂದೇ ಬಾಯಲ್ಲಿ ಕೇಳುವುದು ಅವನ ಕಸುಬಿಗೆ ಅವಮಾನ. ಅದಕ್ಕೆ ಒಂದು ಉಪಾಯ ಮಾಡಿದ. ಕೆಮ್ಮಣ್ಣಿನ ಉಂಡೆ ಹಿಡಿದು ಪ್ರತಿ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಗುರುತು ಹಾಕಿದ. ಒಂದು ಗೆರೆ ಎಂದರೆ ಕೊಟ್ಟಷ್ಟು ತಗೋ. ಎರಡು ಗೆರೆ ಎಂದರೆ ನಗಿಸಿ ಕೇಳು. ಮೂರು ಗೆರೆ ಎಂದರೆ ತುಂಬಿದ ಮನೆ, ಸುಗ್ಗಿಯಲ್ಲಿ ಚೀಲ ಹಿಡಿದೇ ಹೋಗು. ಇನ್ನು ಸೊನ್ನೆ ಇದ್ದರೆ ಅಲ್ಲಿ ಉಪವಾಸ ಇದೆ, ಗಾಡಿ ನಿಲ್ಲಿಸಬೇಡ. ಈ ಗುಟ್ಟು ಅವನಿಗೆ ಮತ್ತು ಮಲಿಕಸಾಬನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಊರವರು ಅದನ್ನು ಬೋರ್ಡಿಂಗಿನ ಮುದ್ರೆ ಎಂದು ತಿಳಿದು, ಹಬ್ಬದಲ್ಲಿ ಸುಣ್ಣ ಬಳಿಯುವಾಗಲೂ ಅಳಿಸದಂತೆ ಸುತ್ತ ಬಳಿಯುತ್ತಿದ್ದರು.

ಕುಷ್ಟಗಿ ದಾರಿಯ ಚಿಕ್ಕಜಾಲಿಹಾಳದಲ್ಲಿ ಮುದಕಮ್ಮ ಎಂಬ ಒಂಟಿ ಮುದುಕಿಯ ಮನೆಗೆ ಸೊನ್ನೆ. ಆದರೂ ಅವಳು ಗಾಡಿಯ ಸಪ್ಪಳ ಕೇಳಿದೊಡನೆ ಗಡಿಗೆ ಹಿಡಿದು ಹೊರಗೆ ನಿಂತಿರುತ್ತಿದ್ದಳು. "ಚೀಲದಾಗ ಹಿಡಿಯವಲ್ದು ಯವ್ವಾ" ಎಂದು ಅವನು ಅರ್ಧ ಅವಳ ಗಡಿಗೆಗೇ ಬಿಟ್ಟು ಬರುತ್ತಿದ್ದ. ಚೀಲ ಅರ್ಧ ಖಾಲಿ ಇರುವುದು ಅವಳಿಗೂ ಕಾಣುತ್ತಿತ್ತು.

ಹೀಗೆ ಏಳೆಂಟು ವರ್ಷ ಒಲೆ ಉರಿಯಿತು. ಅಷ್ಟರಲ್ಲಿ ದೊಡ್ಡ ಯುದ್ಧ. ಜರ್ಮನಿ ಯಾವ ಕಡೆ ಎಂದರೆ ಚಿಕ್ಕಜಾಲಿಹಾಳದವರು ಗಂಗಾವತಿಯ ಕಡೆ ಕೈ ತೋರಿಸುವವರು. ಯುದ್ಧ ಮಾತ್ರ ಅವರ ಮನೆ ಹುಡುಕಿಕೊಂಡು ಬಂತು. ಅದರ ಹೆಸರು ಲೆವಿ. ಬೆಳೆದವರು ಇಂತಿಷ್ಟು ಕಾಳನ್ನು ನಿಜಾಮ ಸರ್ಕಾರಕ್ಕೆ, ಸರ್ಕಾರ ಹೇಳಿದ ಬೆಲೆಗೆ ಅಳೆಯಬೇಕು. ಮೊದಮೊದಲು ಜನ ಲೆವಿಯನ್ನು ಲೇವಡಿ ಮಾಡಿದರು. ಆಮೇಲೆ ಜೋಳವನ್ನು ಹಗೇವಿಗೆ ಇಳಿಸಿದರು. ಹಗೇವು ಎಂದರೆ ನೆಲದೊಳಗಿನ ಕಣಜ: ಆಳುದ್ದ ತೋಡಿ, ಕಾಳು ತುಂಬಿ, ಬಾಯಿಗೆ ಕಲ್ಲು ಹೊದಿಸಿ, ಮೇಲೆ ಸಗಣಿ ಸಾರಿಸಿ ಎಮ್ಮೆ ಕಟ್ಟಿದರೆ ಬ್ರಹ್ಮನಿಗೂ ತಿಳಿಯದು.

ಬ್ರಹ್ಮನಿಗೆ ತಿಳಿಯದ್ದು ಲೆವಿಯ ಗಿರ್ದಾವರನಿಗೆ ತಿಳಿಯಿತು. ಚಿಕ್ಕಜಾಲಿಹಾಳಕ್ಕೆ ಬಂದ ಆ ಅಧಿಕಾರಿ ಗದರಿಸಲಿಲ್ಲ, ಬಡಿಯಲಿಲ್ಲ. ಚಹಾ ಕುಡಿಯುತ್ತ ಓಣಿ ಓಣಿ ಅಡ್ಡಾಡಿದ. ಮೂರು ಗೆರೆಯ ಮನೆಗಳ ಎಮ್ಮೆ ಮಿರಿಮಿರಿ ಮಿಂಚುತ್ತಿದ್ದವು. ಸೊನ್ನೆಯ ಮನೆಗಳ ಮಾಳಿಗೆ ಕುಸಿದಿತ್ತು. ಅವನು ದಡ್ಡನಾಗಿರಲಿಲ್ಲ, ಅದೇ ಊರಿನ ದುರ್ದೈವ. ಮರುದಿನ ಹಾರೆ ಹಿಡಿದ ಆಳುಗಳನ್ನು ನೆಟ್ಟಗೆ ಮೂರು ಗೆರೆಯ ಮನೆಗಳಿಗೆ ಕಳಿಸಿದ. ಒಂದು ಹಗೇವೂ ತಪ್ಪಲಿಲ್ಲ. ಹೋಗುವಾಗ ಚಾವಡಿಯಲ್ಲಿ ನಗುತ್ತ ಹೇಳಿದನಂತೆ: "ನಿಮ್ಮ ಮುಷ್ಟಿ ಮನುಷ್ಯಾ ಭಾಳ ಹುಶಾರ. ನಮ್ಮ ಅರ್ಧಾ ಕೆಲಸಾ ಮಾಡಿಟ್ಟಾನ."

ಇದಾವುದೂ ತಿಳಿಯದೆ ದೇವೇಂದ್ರಪ್ಪ ಆ ವಾರ ಎಂದಿನಂತೆ ಗಾಡಿಯಲ್ಲಿ ಬಂದ. ಗಡಿಗೆಗಳೆಲ್ಲ ಬಾಗಿಲ ಹೊರಗೆ ಬೋರಲಾಗಿದ್ದವು. ಮೂರು ಗೆರೆಯ ದ್ಯಾವಪ್ಪ ಅಂಗಳದ ಗುಂಡಿಯ ದಂಡೆಯ ಮೇಲೆ ಕೂತಿದ್ದ.

"ಬಾರಪಾ, ಸರ್ಕಾರಿ ಚಿತ್ರಗಾರ" ಎಂದ. "ಮೂರು ಗೆರಿ ಎಳದು ನನ್ನ ಮನಿ ಮೂರಾಬಟ್ಟಿ ಮಾಡಿದಿ. ಇನ್ನೂ ಏನರೆ ಬರಿಯೂದು ಉಳದೈತೇನು?"

ದೇವೇಂದ್ರಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದೊಡನೆ ಗಾಡಿಯಿಂದ ಇಳಿದು ದ್ಯಾವಪ್ಪನ ಮುಂದೆ ನಿಂತ. "ದ್ಯಾವಣ್ಣಾ, ಅದು ನನ್ನ ನೆನಪಿಗೆ ಹಾಕ್ಕೊಂಡ ಗುರ್ತು. ಆಣಿ ಮಾಡ್ತೀನಿ, ನಾ ಯಾರಿಗೂ ಹೇಳಿಲ್ಲ."

"ಹೇಳೂದ್ಯಾಕ ಬೇಕು? ಬಾಗಲಾ ಬಾಗಲಾ ಬರದಿಟ್ಟೀದಿ. ನಿನ್ನ ಹತ್ತಕ್ಕೊಂದು ಪಾಲು ಕೊಟ್ರೋ ಇಲ್ಲೋ ಅವರು?"

ಗಾಡಿಯಲ್ಲಿದ್ದ ಮಲಿಕಸಾಬ ಕೆಳಗೆ ಹಾರಿದ. "ಏ ದ್ಯಾವಪ್ಪ, ಬಾಯಿಗೆ ಬಂದಂಗ ಮಾತಾಡಬ್ಯಾಡ. ಈ ಮನುಷ್ಯಾ ಅಂಥಾವಲ್ಲ."

"ನೀ ಸುಮ್ಮನಿರಪಾ. ನಿನ್ನ ಗಾಡಿನೂ ಅದರಾಗ ಪಾಲುದಾರ!"

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಓಣಿಯ ತುದಿಯಲ್ಲಿ ಮುದಕಮ್ಮ ನಿಂತಿದ್ದಳು, ಗಡಿಗೆ ಇಲ್ಲದೆ.

"ನನ್ನ ಬಾಗಲಕ ಏನ್ ಬರದೀ ತಮ್ಮಾ?"

"ಹಂಗ ಏನೂ ಇಲ್ಲ ಯವ್ವಾ, ಸುಮ್ಮನ ಗುರ್ತು."

"ಊರಿಗೂರ ಹೇಳಾಕತ್ತೈತಿ. ಗೆರಿ ಇದ್ದವರು ಉಳ್ಳವರಂತ, ಸೊನ್ನಿ ಇದ್ದವರು ಗತಿಗೇಡಿಗಳಂತ. ಅವರ ಜೋಳ ಹೋತು, ಮುಂದಿನ ವರ್ಷ ಬೆಳಕೋತಾರ. ನಾ ಉಪಾಸ ಮಲಗಿ ಎದ್ದ ದಿನಾನೂ ಮುಷ್ಟಿ ಹಾಕೇನಿ. ನೀ ನನ್ನ ಸೊನ್ನಿ ಅಂತ ಹಿಡಿದಿ?"

"ನಿನಗ ತ್ರಾಸ ಆಗಬಾರದಂತ, ಯವ್ವಾ..."

"ತ್ರಾಸ ನನ್ನದು. ತೂಗಿ ನೋಡಾಕ ನೀ ಯಾವನು?"

ಜುಗ್ಗರ ಎದುರಿಗೆ ಒಣಗದ ನಾಲಿಗೆ ಆ ಮುದುಕಿಯ ಎದುರಿಗೆ ಅಂಟಿಕೊಂಡಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕಿದ ಮೇಲೆ ಹೊರಗೆ ಕಾಣುತ್ತಿದ್ದದ್ದು ಆ ಸೊನ್ನೆ ಒಂದೇ.

ಯಲಬುರ್ಗಿ ಕಡೆಯ ಊರುಗಳಿಗೆ ಲೆವಿಯವರು ಇನ್ನೂ ಹೋಗಿರಲಿಲ್ಲ. ಅಲ್ಲಿಯ ಗಡಿಗೆಗಳಾದರೂ ಉಳಿದರೆ ಒಲೆ ಉಳಿದೀತು. ದೇವೇಂದ್ರಪ್ಪ ಹಸಿ ಗೋಣಿತಟ್ಟು ಹಿಡಿದು ಆ ಊರುಗಳಿಗೆ ಓಡಿದ. ಜನ ಹೊಲಕ್ಕೆ ಹೋದ ಹೊತ್ತಿನಲ್ಲಿ ಗುರುತು ಉಜ್ಜಿ ಉಜ್ಜಿ ತೆಗೆದ. ಬೆವರು ಒರೆಸಿಕೊಂಡು ಹಿಂದೆ ಸರಿದು ನೋಡಿದಾಗ ಮಲಿಕಸಾಬ ಹಣೆ ಹಣೆ ಬಡಿದುಕೊಳ್ಳುತ್ತಿದ್ದ.

"ದೇವಿಂದ್ರಣ್ಣಾ, ಏನ್ ಮಾಡಿದಿ ನೋಡು!"

ಎಷ್ಟೋ ವರ್ಷದ ಹೊಗೆ, ಎಣ್ಣೆ, ಅರಿಷಿಣ ಹತ್ತಿ ಕಪ್ಪಾಗಿದ್ದ ಚೌಕಟ್ಟುಗಳಲ್ಲಿ ಅವನು ಉಜ್ಜಿದ ಜಾಗ ಹೊಸ ಕಟ್ಟಿಗೆಯಂತೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಒಂದು ಗೆರೆ ಇದ್ದಲ್ಲಿ ಸಣ್ಣ ಬಿಳುಪು, ಮೂರು ಗೆರೆ ಇದ್ದಲ್ಲಿ ಅಂಗೈ ಅಗಲ. ಕೆಂಪು ಗುರುತನ್ನು ಹತ್ತಿರ ಹೋಗಿ ನೋಡಬೇಕಿತ್ತು. ಇದು ಕುದುರೆಯ ಮೇಲಿಂದಲೇ ಕಾಣುವಂತಿತ್ತು. ಲೆವಿಯವರು ಬಂದರು. ಕುದುರೆಯ ಮೇಲಿಂದಲೇ ನೋಡಿದರು. ಆ ಊರುಗಳ ಹಗೇವೂ ತೆರೆದವು, ಹಗೆಯೂ ತೆರೆಯಿತು. ಗುರುತು ಹಾಕಿದವನೂ ಅವನೇ, ಕಳ್ಳನಂತೆ ಬಂದು ಅಳಿಸಿದವನೂ ಅವನೇ ಅಂದ ಮೇಲೆ ಇನ್ನೇನು ಸಾಕ್ಷಿ ಬೇಕು?

ಗಿರ್ದಾವರ ಅವನನ್ನು ಕುಷ್ಟಗಿಯ ಬಿಡಾರಕ್ಕೆ ಕರೆಸಿದ. ಕುರ್ಚಿ ಹಾಕಿಸಿದ, ಚಹಾ ಕೊಡಿಸಿದ.

"ಬರ್ರಿ ದೇವೇಂದ್ರಪ್ಪನವರ. ನೀವು ಒಂದು ಮನಿ ಹೊಸ್ತಿಲಾ ತುಳದ್ರ ಸಾಕು, ಒಳಗ ಎಷ್ಟು ಕಾಳು ಐತಿ ಅಂತ ತಿಳೀತೈತಿ. ಇಂಥಾ ಹುನ್ನರು, ಇಂಥಾ ಜಾಣತನಾ ನಮ್ಮ ಇಡೀ ದಫ್ತರದಾಗ ಯಾರಿಗೂ ಇಲ್ಲ. ನಮ್ಮ ಕೂಡ ತಿರಗ್ರಿ. ಪಗಾರ ಕೊಡಸ್ತೀನಿ. ನಿಮ್ಮ ಬೋರ್ಡಿಂಗಿಗೆ ತಿಂಗಳಾ ತಿಂಗಳಾ ಜೋಳ ಕಳಸ್ತೀನಿ."

ಒಲೆ ಉರಿಯುವ ದಾರಿ ಇದೊಂದೇ ಉಳಿದಿತ್ತು. ದೇವೇಂದ್ರಪ್ಪ ಚಹಾದ ಬಟ್ಟಲು ಮುಟ್ಟದೆ ಕೂತ.

"ಸಾಹೇಬ್ರ, ನಾ ಹೊಸ್ತಿಲಾ ತುಳಿಯೂದು ಅವರು ಒಳಗ ಬಾ ಅಂದ ಮ್ಯಾಲೆ. ನಿಮ್ಮ ಕೂಡ ಬಂದ್ರ ಯಾರು ಬಾ ಅಂತಾರ್ರಿ?"

"ಅನ್ನೂದು ಬ್ಯಾಡ. ನಾವ ಹೋಗ್ತೀವಲ್ಲ."

"ಅದಕ್ಕ ನನಗ ಆಗಂಗಿಲ್ರಿ."

ಗಿರ್ದಾವರ ಬೇಸರಪಡಲಿಲ್ಲ. ಸಭ್ಯ ಮನುಷ್ಯ. ಆ ಸಭ್ಯತೆಯೇ ದೇವೇಂದ್ರಪ್ಪನನ್ನು ಮುಗಿಸಿತು. ಮೂರು ದಿನ ಬಿಟ್ಟು, ಹಾಡಹಗಲಲ್ಲಿ, ಕೊಪ್ಪಳದ ಪೇಟೆಯ ನಡುವೆ, ಎದೆಗೆ ಪಟ್ಟಿ ಕಟ್ಟಿದ ಜವಾನನೊಬ್ಬ ಸರ್ಕಾರಿ ಗಾಡಿಯಲ್ಲಿ ಎರಡು ಚೀಲ ಜೋಳ ತಂದು ಬೋರ್ಡಿಂಗಿನ ಅಂಗಳದಲ್ಲಿ ಇಳಿಸಿದ. "ಗಿರ್ದಾವರ ಸಾಹೇಬ್ರು ಖುಷಿಯಿಂದ ಕಳಿಸ್ಯಾರ" ಎಂದು ಪೇಟೆಗೆಲ್ಲ ಕೇಳುವಂತೆ ಕೂಗಿ ಹೊರಟುಹೋದ. ಸಂತೆಗೆ ಬಂದಿದ್ದ ಹಳ್ಳಿಯವರು ಅದನ್ನು ನೋಡಿದರು. ಸಂಜೆಯೊಳಗೆ ಅದು ಎಲ್ಲ ಊರನ್ನೂ ಮುಟ್ಟಿತು.

"ಹಿಂದಕ್ಕ ಒಯ್ಯೋ ಮಲಿಕ" ಎಂದ ದೇವೇಂದ್ರಪ್ಪ.

"ಸರ್ಕಾರಿ ಚೀಲಾ ನನ್ನ ಗಾಡ್ಯಾಗ ಸಿಕ್ರ, ಕದ್ದಾನಂತ ಬೇಡಿ ಹಾಕ್ತಾರ ಅಣ್ಣಾ. ಬಾಲಬಚ್ಚಾ ಇದ್ದಾವ."

ಗವಿಸಿದ್ದಪ್ಪ ಸಾಹುಕಾರರು ಬಂದು ಚೀಲಗಳನ್ನು ಸುತ್ತು ಹಾಕಿದರು. "ಲೆವಿ ಜೋಳಾ ನನ್ನ ಗ್ವಾಡಿ ಒಳಗ ಬ್ಯಾಡ. ನನ್ನ ಹೆಸರು ಕೆಡತೈತಿ. ಈ ವಾರ ಕಳದ ಮ್ಯಾಲೆ ಕೀಲಿ ನನಗ ಕೊಟ್ಟುಬಿಡ್ರಿ."

ಹುಡುಗರು ಎಷ್ಟೋ ದಿನದಿಂದ ಬರೀ ಅಂಬಲಿಯ ಮೇಲಿದ್ದರು. ಶೇಖರಮ್ಮ ಗಂಡನ ಮುಖ ನೋಡಿದಳು, ಹುಡುಗರ ಮುಖ ನೋಡಿದಳು, ಚೀಲದ ಬಾಯಿ ಬಿಚ್ಚಿದಳು. ಒಂದು ಮುಷ್ಟಿ ತೆಗೆದು ಮೂಗಿಗೆ ಹಿಡಿದಳು.

"ಹಗೇವಿನ ಜೋಳ ಐತ್ರಿ ಇದು. ವಾಸನಿ ಬರತೈತಿ."

"ಯಾವ ಊರಿಂದಂತ ಕೇಳಬ್ಯಾಡ" ಎಂದ ದೇವೇಂದ್ರಪ್ಪ.

"ನಾ ಕೇಳವಲ್ಲೆ. ಬೀಸ್ಲೋ ಬ್ಯಾಡೋ ಅಷ್ಟ ಹೇಳ್ರಿ."

ಅವನು ಜೋಳಿಗೆ ತೆಗೆದು ಗೂಟಕ್ಕೆ ಹಾಕಿ ಹೊರಗೆ ಹೋದ. ಅವಳು ಬೀಸಿದಳು. ಹಗೇವಿನ ಮುಗ್ಗಲು ವಾಸನೆಯ ರೊಟ್ಟಿಯನ್ನು ಹುಡುಗರು ಹೊಟ್ಟೆ ತುಂಬ ತಿಂದರು. ಬಹಳ ದಿನಗಳ ಮೇಲೆ ಮತ್ತೊಂದು ಎಂದು ಕೇಳಿ ಹಾಕಿಸಿಕೊಂಡರು. ಪಂಕ್ತಿಯ ಕೊನೆಯ ತಾಟಿಗೂ ಶೇಖರಮ್ಮ ರೊಟ್ಟಿ ಹಾಕಿದಳು. ದೇವೇಂದ್ರಪ್ಪ, ಹಸಿದಿದ್ದನಲ್ಲ, ತಿಂದ.

ಚೀಲ ಮುಗಿದ ಮೇಲೆ ಹುಡುಗರು ಒಬ್ಬೊಬ್ಬರಾಗಿ ಗಂಟು ಕಟ್ಟಿಕೊಂಡು ಊರಿಗೆ ಹೋದರು. ಕೆಲವರ ಅಪ್ಪಂದಿರು ಕರೆಯಲು ಬಂದರೂ ಒಳಗೆ ಬರಲಿಲ್ಲ. ಓಣಿಯ ಮೂಲೆಯಲ್ಲಿ ನಿಂತು ಮಗನ ಹೆಸರು ಹಿಡಿದು ಕೂಗಿದರು. ಗೋದಾಮಿಗೆ ಮತ್ತೆ ಹತ್ತಿ ಬಂತು.

"ನೌಕರಿ ಒಲ್ಲೆ ಅಂದು ಬಂದೆ ಅಂತ ನಾಕು ಮಂದಿಗರೆ ಹೇಳ್ರಿ" ಎಂದು ಶೇಖರಮ್ಮ ಎಷ್ಟೋ ಸಲ ಅಂದಳು.

"ಒಲ್ಲೆ ಅಂದಾವನ ಮನಿಗೆ ಚೀಲಾ ಯಾಕ ಬಂತು ಅಂತಾರ. ಬಂದದ್ದು ಖರೇ ಐತಿ. ತಿಂದದ್ದೂ ಖರೇ ಐತಿ."

ಗಂಡಹೆಂಡಿರು ಗಂಗಾವತಿಗೆ ಹೋಗಿ ಭತ್ತದ ಗಿರಣಿಯಲ್ಲಿ ಕೂಲಿಗೆ ನಿಂತರು. ಯುದ್ಧ ಮುಗಿಯಿತು, ಲೆವಿ ಹೋಯಿತು, ನಿಜಾಮನೂ ಹೋದ. ಅಲ್ಲೊಂದು ಗುಡಿ ಕಟ್ಟುವವರು ಅವನ ಹಳೆಯ ಹೆಸರು ಕೇಳಿ ಪಟ್ಟಿ ಎತ್ತಲು ಕರೆಯಲು ಬಂದರು. ಅವನು ಚೀಲ ಹೊರುವುದನ್ನು ನಿಲ್ಲಿಸಲಿಲ್ಲ. ಕೇಳುವುದೇ ಕಸುಬಾಗಿದ್ದ ಮನುಷ್ಯನ ಬಾಯಿ ಹಾಗೆ ಮುಚ್ಚಿತೆಂದರೆ, ಶನಿವಾರ ಗಿರಣಿ ಮಾಲಕನ ಮುಂದೆ ನಿಂತು ಅವನ ವಾರದ ಕೂಲಿಯನ್ನೂ ಶೇಖರಮ್ಮನೇ ಕೇಳಿ ತರಬೇಕಾಗಿತ್ತು.